ಪುಟ ಮಗುಚುವಷ್ಟರಲ್ಲಿ ಬೆಳೆದ ಮರಗಳು

ಹಳ್ಳಿಯ ಹೆಂಗಸರನ್ನು ಸೇರಿಸಿ ಮರ ನೆಡುವ ಚಳವಳಿ ಕಟ್ಟಿದ ಕೀನ್ಯಾದ ವಂಗಾರಿ ಮಾಥಾಯ್ ಅವರ ಬದುಕನ್ನು ಮಕ್ಕಳಿಗೆ ಹೇಳುವ ಚಿತ್ರಪುಸ್ತಕಗಳು ಒಂದೆರಡಲ್ಲ. 2004ರಲ್ಲಿ ಅವರಿಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂದು, ಎರಡು ವರ್ಷಗಳ ನಂತರ ಅವರ ಆತ್ಮಕಥೆಯೂ ಪ್ರಕಟವಾದ ಮೇಲೆ, ಹಲವು ಲೇಖಕರು ಮತ್ತು ಕಲಾವಿದರು ಇದೇ ಕಥೆಯನ್ನು ಕೈಗೆತ್ತಿಕೊಂಡರು. ಕೆಲವು ತಿಂಗಳಿಂದ ನಾನು ಅವುಗಳಲ್ಲಿ ಸಿಕ್ಕಷ್ಟನ್ನು ಆರು ವರ್ಷದ ಮಗಳೊಂದಿಗೆ ಕೂತು ಓದುತ್ತಿದ್ದೇನೆ. ಒಂದೇ ಬದುಕನ್ನು ಹೇಳುವಾಗ ಯಾರು ಎಲ್ಲಿ ನಿಂತರು, ಯಾರು ಎಲ್ಲಿ ಬೇಗನೆ ಪುಟ ಮಗುಚಿದರು ಎಂಬುದನ್ನು ಗಮನಿಸುವುದು ನನಗೆ ಅಭ್ಯಾಸವೇ ಆಗಿಬಿಟ್ಟಿದೆ.

ಬಾಲ್ಯದ ಭಾಗ ಚಿತ್ರಪುಸ್ತಕಕ್ಕೆ ಹೇಳಿ ಮಾಡಿಸಿದಂತಿದೆ. ವಂಗಾರಿ ಹುಟ್ಟಿದ್ದು 1940ರಲ್ಲಿ, ನ್ಯೇರಿ ಪ್ರದೇಶದ ಇಹಿಥೆ ಎಂಬ ಹಳ್ಳಿಯಲ್ಲಿ. ಮನೆಯ ಹತ್ತಿರ ಮುಗುಮೊ ಎಂದು ಕಿಕುಯು ಜನ ಕರೆಯುವ ದೊಡ್ಡ ಅತ್ತಿ ಜಾತಿಯ ಮರವಿತ್ತು. ಅದು ದೇವರ ಮರ, ಅದರ ಒಣಕಡ್ಡಿಯನ್ನೂ ಸೌದೆಗೆ ತರಬಾರದು ಎಂದು ತಾಯಿ ಹೇಳಿದ್ದರು. ಆ ಮರದ ಬಳಿ ಹುಟ್ಟಿ ಹರಿಯುತ್ತಿದ್ದ ತೊರೆಯಲ್ಲಿ ಹುಡುಗಿ ಕಪ್ಪೆಯ ಮೊಟ್ಟೆಗಳನ್ನು ಮಣಿಸರವೆಂದು ಎತ್ತಿಕೊಳ್ಳಲು ಹೋಗುತ್ತಿದ್ದಳು. ಮುಂದೆ ಅಮೆರಿಕದಲ್ಲಿ ಜೀವಶಾಸ್ತ್ರ ಓದಿ ತಾಯ್ನಾಡಿಗೆ ಮರಳಿದ ಮೇಲೆ, ಆ ಜಾಗವನ್ನು ಕೊಂಡವರು ಚಹಾ ಬೆಳೆಯಲೆಂದು ಮರವನ್ನು ಕಡಿಸಿದ್ದರು, ತೊರೆ ಬತ್ತಿತ್ತು. ಬಂಡೆಯ ಬಿರುಕಿನಲ್ಲಿ ಆಳಕ್ಕಿಳಿಯುವ ಬೇರು ನೆಲದಡಿಯ ನೀರಿಗೆ ದಾರಿ ಮಾಡಿಕೊಡುತ್ತದೆ ಎಂಬ ತಿಳಿವಳಿಕೆಯೂ ತಾಯಿಯ ಆ ಮಾತೂ ಒಂದೇ ಮರವನ್ನು ಕಾಯುತ್ತಿದ್ದವು ಎಂಬುದನ್ನು ಎರಡು ಚಿತ್ರಗಳಲ್ಲಿ ತೋರಿಸಬಹುದು. ಹಸಿರು ಪುಟವೊಂದು, ಅದರ ಎದುರಿಗೆ ಕಂದು ಪುಟವೊಂದು.

ನನ್ನ ತಕರಾರು ಶುರುವಾಗುವುದು ಇದರ ನಂತರ. ಒಂದು ಪುಟದಲ್ಲಿ ವಂಗಾರಿ ಸಸಿ ನೆಡುತ್ತಾರೆ, ಮುಂದಿನ ಪುಟದಲ್ಲಿ ಬೆಟ್ಟದ ತುಂಬ ಮರಗಳು. ಚಿತ್ರಪುಸ್ತಕದಲ್ಲಿ ಕಾಲ ಸರಿಯುವುದು ಪುಟ ಮಗುಚುವ ಆ ಕ್ಷಣದಲ್ಲೇ ಎಂಬುದು ನಿಜ, ಆದರೆ ಈ ಕಥೆಯ ಜೀವಾಳವೆಲ್ಲ ಅದೇ ಸಂದಿಯೊಳಗೆ ಬಿದ್ದುಹೋಗುತ್ತದೆ. ವಂಗಾರಿಯವರ ಮೊದಲ ನರ್ಸರಿ ಕೈಕೊಟ್ಟಿತ್ತು. 1977ರ ಜೂನ್ 5ರಂದು ನೈರೋಬಿಯ ಉದ್ಯಾನವೊಂದರಲ್ಲಿ ನೆಟ್ಟದ್ದು ಕೇವಲ ಏಳು ಗಿಡ. ಗ್ರೀನ್ ಬೆಲ್ಟ್ ಎಂಬ ಅವರ ಮರ ನೆಡುವ ಚಳವಳಿ ಬೆಳೆದದ್ದು ಅಲ್ಲಿಂದ. ಸಸಿ ಬೆಳೆಸಲು ತರಬೇತಿ ಪಡೆದವರೇ ಬೇಕು ಎಂದು ಅರಣ್ಯಾಧಿಕಾರಿಗಳು ಹೇಳಿದಾಗ, ಓದುಬರಹ ಬಾರದ ರೈತ ಹೆಂಗಸರು ತಮ್ಮ ಸುತ್ತಲಿನ ಮರಗಳಿಂದಲೇ ಬೀಜ ಆರಿಸಿ, ಒಡೆದ ಮಡಕೆಗಳಲ್ಲಿ, ಹಳೆಯ ಡಬ್ಬಗಳಲ್ಲಿ ಬಿತ್ತಿದರು. ಅವರಿಗೆ ಸಿಗುತ್ತಿದ್ದ ಅಲ್ಪ ಹಣವು ನೆಟ್ಟ ಸಸಿಗಲ್ಲ, ಬದುಕಿ ಉಳಿದ ಸಸಿಗೆ. ಈ ಒಂದು ನಿಯಮ ಮಗುವಿಗೆ ಎಷ್ಟು ಚೆನ್ನಾಗಿ ಅರ್ಥವಾಗುತ್ತದೆಂದರೆ, ಚಳವಳಿ ನೆಟ್ಟದ್ದು ಮೂರು ಕೋಟಿ ಮರಗಳು ಎಂಬ ಸಂಖ್ಯೆಗೆ ಸುಮ್ಮನೆ ತಲೆಯಾಡಿಸಿದ ನನ್ನ ಮಗಳು, ಇದನ್ನು ಕೇಳಿದ ಕೂಡಲೇ, ಹಾಗಾದರೆ ದಿನಾ ಹೋಗಿ ನೋಡಬೇಕಲ್ಲ, ಎಂದಳು.

ಎರಡನೆಯ ಸಂದಿ ಹಿಂಸೆಯದು. 2010ರ ‘ಮಾಮಾ ಮಿಟಿ’ಯಲ್ಲಿ ಕದಿರ್ ನೆಲ್ಸನ್ ತೈಲವರ್ಣದ ಜೊತೆಗೆ ಅಚ್ಚಿನ ಬಟ್ಟೆಯ ತುಂಡುಗಳನ್ನು ಸೇರಿಸಿ ಮಾಡಿದ ಚಿತ್ರಗಳು ಎಷ್ಟು ಸಲ ನೋಡಿದರೂ ಸಾಲದಷ್ಟು ಚೆಲುವಾಗಿವೆ, ಆದರೆ ಆ ಪುಸ್ತಕದ ವಂಗಾರಿ ತನ್ನಲ್ಲಿಗೆ ಬಂದ ಹೆಂಗಸರಿಗೆ ಯಾವ ಕಷ್ಟಕ್ಕೆ ಯಾವ ಮರ ನೆಡಬೇಕೆಂದು ಹೇಳಿಕೊಡುವ ತಾಯಿ, ಅಷ್ಟೆ. ಅದಕ್ಕೂ ಎರಡು ವರ್ಷ ಮೊದಲೇ ಜೀನೆಟ್ ವಿಂಟರ್ ತೀರಾ ಕಡಿಮೆ ಮಾತಿನ, ತೀರಾ ಸರಳ ಚಿತ್ರಗಳ ಪುಸ್ತಕದಲ್ಲಿ ವಂಗಾರಿಯವರಿಗೆ ದೊಣ್ಣೆಯೇಟು ಬಿದ್ದದ್ದನ್ನೂ ಸೆರೆಮನೆಗೆ ಹಾಕಿದ್ದನ್ನೂ ಹೇಳಿದ್ದಾರೆ. ನನಗೆ ಈ ಎರಡನೆಯದೇ ಹೆಚ್ಚು ಇಷ್ಟ. ಅಲ್ಲಿಯೇ ಮಗಳು ನನ್ನ ಕೈ ತಡೆದು, ಮರ ನೆಟ್ಟರೆ ಯಾಕೆ ಹೊಡೆದರು, ಎಂದು ಕೇಳಿದ್ದು.

ಉತ್ತರ ಪುಸ್ತಕದಲ್ಲಿರಲಿಲ್ಲ, ನಾನೇ ಹೇಳಬೇಕಾಯಿತು. 1989ರಲ್ಲಿ ನೈರೋಬಿಯ ಉಹುರು ಪಾರ್ಕಿನಲ್ಲಿ ಅರವತ್ತು ಮಹಡಿಯ ಕಟ್ಟಡ ಕಟ್ಟಲು ಸರ್ಕಾರ ಹೊರಟಾಗ, ಬಡವರಿಗೆ ನೆರಳಿನಲ್ಲಿ ಕೂರಲು ಇರುವ ಜಾಗವನ್ನು ಕಿತ್ತುಕೊಳ್ಳಬೇಡಿ ಎಂದು ವಂಗಾರಿ ಪತ್ರದ ಮೇಲೆ ಪತ್ರ ಬರೆದರು. ಸಂಸತ್ತಿನಲ್ಲಿ ಅವರನ್ನು ಹೀಯಾಳಿಸಿದರು, ಆದರೆ ಕಟ್ಟಡ ಏಳಲಿಲ್ಲ. ಹತ್ತು ವರ್ಷಗಳ ನಂತರ ಎಲ್ಲರಿಗೂ ಸೇರಿದ ನೈರೋಬಿಯ ಕರೂರಾ ಕಾಡನ್ನು ಸರ್ಕಾರ ತುಂಡು ಮಾಡಿ ತನಗೆ ಬೇಕಾದವರಿಗೆ ಹಂಚುತ್ತಿದ್ದಾಗ, ಅಲ್ಲಿ ಸಸಿ ನೆಡಲು ಹೋದ ಅವರ ತಲೆಗೆ ಪೆಟ್ಟು ಬಿತ್ತು. ಆ ಸಸಿ ನೆಟ್ಟಿದ್ದರೆ, ಈ ನೆಲ ನಿಮ್ಮದಲ್ಲ, ಎಂದು ಹೇಳಿದಂತಾಗುತ್ತಿತ್ತು, ಅದಕ್ಕೇ ಹೊಡೆದರು ಎಂದೆ. ಅವಳು ಹೆದರಲಿಲ್ಲ, ಕಾಡು ಉಳಿಯಿತೇ ಎಂದಷ್ಟೇ ಕೇಳಿದಳು. ಉಳಿಯಿತು, ಈಗಲೂ ಇದೆ ಎಂದೆ.

ಚಿತ್ರ ಬರೆಯಲು ನನಗೆ ಬಾರದು. ಬರುವಂತಿದ್ದರೆ ನಾನು ಬರೆಯುತ್ತಿದ್ದದ್ದು ಒಂದೇ ಒಂದು ಜೋಡಿಪುಟ: ಮನೆಯ ಗೋಡೆಯ ಬುಡದಲ್ಲಿ ಸಾಲಾಗಿ ಇಟ್ಟ ತೂತು ಡಬ್ಬಗಳು, ಕೆಲವಲ್ಲಿ ಎರಡೆಲೆಯ ಮೊಳಕೆ, ಕೆಲವಲ್ಲಿ ಒಣಗಿದ ಕಡ್ಡಿ, ಕುಕ್ಕರಗಾಲಲ್ಲಿ ಕೂತು ಬೆರಳು ಮಡಿಚಿ ಎಣಿಸುತ್ತಿರುವ ಹೆಂಗಸು, ಅವಳ ಪಕ್ಕದಲ್ಲಿ ಅಷ್ಟೇ ಗಮನದಿಂದ ಎಣಿಸುತ್ತಿರುವ ವಂಗಾರಿ.