ಹತ್ತನೇ ಕ್ಲಾಸಿನ ಕನ್ನಡ ಪ್ರಶ್ನೆ ಅಭ್ಯಾಸ: ನಾಲ್ಕನೇ ವಾರ

ನಮ್ಮ ಹತ್ತನೇ ಕ್ಲಾಸಿಗೆ ದಿನಾ ಕೊನೇ ಪೀರಿಯಡ್‌ನಲ್ಲಿ ಪ್ರಶ್ನೆ ಅಭ್ಯಾಸ ಮಾಡಿಸುತ್ತಿದ್ದೇನೆ. ಪ್ರಥಮ ಭಾಷೆ ಕನ್ನಡದ ಲಿಖಿತ ಪರೀಕ್ಷೆ 100 ಅಂಕದ್ದು. ಮೊದಲ ಎರಡು ವಾರ ಒಂದು ಅಂಕದ ಪ್ರಶ್ನೆ, ಕವಿ ಪರಿಚಯಕ್ಕೆ ಹೋಯಿತು. ಅವು ಬರೆದಷ್ಟೂ ಕೈಗೆ ಹತ್ತುತ್ತವೆ. ಪ್ರಸ್ತಾರ, ಅಂದರೆ ಪದ್ಯದ ಸಾಲಿಗೆ ಲಘು (ಒಂದು ಮಾತ್ರೆ), ಗುರು (ಎರಡು ಮಾತ್ರೆ) ಗುರುತು ಹಾಕಿ ಎಣಿಸುವುದು, ಹಾಗಲ್ಲ.

ಮೂರನೇ ವಾರ ಕುಮಾರವ್ಯಾಸನ ಭಾಮಿನಿ ಷಟ್ಪದಿಯ (ಆರು ಸಾಲಿನ ಪದ್ಯ) ಮೊದಲ ಸಾಲನ್ನು ಬೋರ್ಡಿನ ಮೇಲೆ ಬರೆದೆ: ‘ವೇದಪುರುಷನ ಸುತನ ಸುತನ ಸ’. 31 ಮಕ್ಕಳಲ್ಲಿ 9 ಜನರದ್ದು ಮಾತ್ರ ಸರಿ. ತಪ್ಪಿದವರಲ್ಲಿ ಜಾಸ್ತಿ ಜನ ಕೊನೆಯ ‘ಸ’ ಬಿಟ್ಟಿದ್ದರು. ‘ಅದು ಸಹೋದರನ ಅನ್ನೋದರ ಅಕ್ಷರ ಅಲ್ವಾ ಮಿಸ್, ಕೆಳಗಿನ ಸಾಲಿಗೆ ಸೇರಬೇಕು’ ಎಂದಳು ಒಬ್ಬಳು. ಅರ್ಥಕ್ಕೆ ಅವಳ ಮಾತು ಸರಿ. ಆದರೆ ‘ಸ’ ಬಿಟ್ಟರೆ 13 ಮಾತ್ರೆ ಆಗುತ್ತದೆ, ಬೇಕಾದ್ದು 14.

ಈ ವಾರ ಪೆನ್ನು ಕೆಳಗಿಡಿಸಿದೆ. ‘ತಕಿಟ ತಕಧಿಮಿ’ ಎಂದು ಡೆಸ್ಕಿನ ಮೇಲೆ ತಾಳ ಹಾಕಿಸಿದೆ. ವೇದ, ಪುರುಷನ, ಸುತನ, ಸುತನಸ. ಮೂರು, ನಾಲ್ಕು, ಮೂರು, ನಾಲ್ಕು. ‘ಸ’ ತಾನಾಗೇ ಜಾಗಕ್ಕೆ ಬಂದು ಕೂತಿತು. ಮೂರನೇ ಸಾಲು ‘ಭುಜಬಲದಿ’ ಎಂದು ಮುಗಿಯುತ್ತದೆ. ಆ ‘ದಿ’ ನೋಡಲು ಲಘು, ಆದರೆ ಮೂರನೇ ಸಾಲಿನ ಕೊನೆಯ ಅಕ್ಷರವಾದ್ದರಿಂದ ಲೆಕ್ಕಕ್ಕೆ ಗುರು. ಈ ನಿಯಮವನ್ನು ಎಷ್ಟು ಸಲ ಹೇಳಿದ್ದೆನೋ. ಹಾಡಿದಾಗ ಎಲ್ಲರೂ ಅಲ್ಲಿ ದನಿ ಎಳೆದರು, ಆಮೇಲೆ ಯಾರೂ ಕೇಳಲಿಲ್ಲ. ಶನಿವಾರದ ಟೆಸ್ಟಿನಲ್ಲಿ 22 ಜನರದ್ದು ಸರಿ. ತುಂಬಾ ಖುಷಿಯಾಯಿತು.

ಆ ಪದ್ಯ ಒಂದು ಒಗಟು ಕೂಡ: ಒಂದಾದ ಮೇಲೊಂದು ನಂಟು ಹಿಡಿದು ಹೋದರೆ ಕವಿ ಯಾರನ್ನು ಸ್ತುತಿಸುತ್ತಿದ್ದಾನೆ ಎಂದು ತಿಳಿಯುತ್ತದೆ. ಬೆಲ್ ಹೊಡೆದ ಮೇಲೂ ಇಬ್ಬರು ಕೂತು ಬಿಡಿಸಿದರು. ಜರಾಸಂಧನನ್ನು ಕಾದಿ ಗೆದ್ದವನು ಭೀಮ, ಅವನಣ್ಣ ಧರ್ಮರಾಯ, ಅವನ ಅವ್ವೆ ಕುಂತಿ. ಕುಂತಿಯ ನಾದಿನಿ ಯಾರು ಅನ್ನುವಲ್ಲಿ ನಿಂತರು. ‘ನಮ್ಮತ್ತೆ ಅಮ್ಮನ್ನ ನಾದಿನಿ ಅಂತಾರೆ, ಹಾಗಾದ್ರೆ ತಮ್ಮನ ಹೆಂಡತಿ’ ಎಂದು ಒಬ್ಬಳು ಹೊಳೆಸಿಕೊಂಡಳು. ಕುಂತಿಯ ಸೋದರ ವಸುದೇವನ ಹೆಂಡತಿ ದೇವಕಿ, ಅವಳ ಮಗ ಕೃಷ್ಣ! ಪರೀಕ್ಷೆಗೆ ಇದು ಬರುವುದಿಲ್ಲ. ಆದರೂ ನಾನು ಆ ಹತ್ತು ನಿಮಿಷ ಅವರನ್ನು ಏಳಿಸಲಿಲ್ಲ.

ಸಂದರ್ಭ ಸಹಿತ ಸ್ವಾರಸ್ಯ ಇನ್ನೂ ಸೊರಗಿದೆ. ಪಾಠದ ಒಂದು ಮಾತು ಕೊಟ್ಟಿರುತ್ತಾರೆ; ಅದು ಯಾವ ಪಾಠದ್ದು (ಆಯ್ಕೆ), ಯಾವಾಗ ಬಂತು (ಸಂದರ್ಭ), ಅದರ ಸೊಗಸೇನು (ಸ್ವಾರಸ್ಯ) ಎಂದು ಬರೆಯಬೇಕು. ಆಯ್ಕೆ, ಸಂದರ್ಭ ಚೆನ್ನಾಗಿ ಬರೆಯುತ್ತಾರೆ. ಸ್ವಾರಸ್ಯದ ಜಾಗದಲ್ಲಿ ಮಾತ್ರ ‘ಸ್ವಾರಸ್ಯಪೂರ್ಣವಾಗಿ ವ್ಯಕ್ತವಾಗಿದೆ’ ಎಂದು ಬರೆದು ಮುಗಿಸುತ್ತಾರೆ. ಏನು ವ್ಯಕ್ತವಾಗಿದೆ ಎಂಬುದೇ ಇರುವುದಿಲ್ಲ. ಸೋಮವಾರದಿಂದ ಆ ಎರಡು ಪದ ಬಳಸದೆ ಬರೆಯಬೇಕು ಎಂದು ಹೇಳಿದ್ದೇನೆ. ದಿನಕ್ಕೆ ಎರಡೇ ಮಾತು. ಮೊದಲು ಬಾಯಲ್ಲಿ ಹೇಳಬೇಕು, ಆಮೇಲೆ ನೋಟ್‌ಬುಕ್ಕು.