ಬಳ್ಳಾರಿಯಿಂದ ಬಂದ ಟ್ಯಾಂಕು

ಅಪ್ಪನ ಸ್ಪ್ಲೆಂಡರ್‌ಗೆ ಹಸಿರು ಬಣ್ಣ ಹೊಡೆಸುತ್ತೇನೆ ಅಂದಿದ್ದಕ್ಕೆ ಮನೆಯಲ್ಲಿ ಎರಡು ದಿನ ಮಾತಿರಲಿಲ್ಲ. ಕಪ್ಪು ಟ್ಯಾಂಕು, ನೇರಳೆ ಪಟ್ಟಿ, ಮೇಲೆ ‘ಹೀರೊ ಹೋಂಡಾ’ ಹೆಸರು. ಆ ಎರಡೂ ಕಂಪನಿಗಳು ಬೇರೆಯಾಗುವ ಮಾತು 2010ರಲ್ಲೇ ಮುಗಿಯಿತು, ಈಗಿನ ಗಾಡಿಗಳ ಮೇಲೆ ಬರೀ ಹೀರೊ. ಹಳೇ ಸ್ಟಿಕ್ಕರ್ ಮೇಲೆ ಒಂದು ಸಲ ಬಣ್ಣ ಉಜ್ಜುವ ವಾಟರ್ ಪೇಪರ್ ಆಡಿತೆಂದರೆ ಕಥೆ ಮುಗೀತು. ಕೊನೆಗೆ ಅವ್ವನೇ ರಾಜಿ ಮಾಡಿಸಿದಳು: ಅಪ್ಪನ ಟ್ಯಾಂಕು, ಸೈಡ್ ಪ್ಯಾನೆಲ್‌ಗಳ ಸೆಟ್ಟು ಬಿಚ್ಚಿ ಅಟ್ಟಕ್ಕೆ, ನನ್ನ ಹುಚ್ಚಿಗೆ ಬೇರೆ ಸೆಟ್ಟು.

ಗಂಗಾವತಿಯಲ್ಲಿ ಸಿಕ್ಕ ಪ್ಯಾನೆಲ್‌ಗಳು ಡೂಪ್ಲಿಕೇಟು, ಹಪ್ಪಳದ ಹಾಗೆ ಬಾಗುತ್ತಿದ್ದವು. ‘ಬಾಗೋ ಪ್ಲಾಸ್ಟಿಕ್ಕಿನ ಮ್ಯಾಲೆ ಬಣ್ಣ ಸೀಳತೈತಿ. ಬಳ್ಳಾರಿಗೆ ಹೋಗು, ಹಳೇ ಒರಿಜಿನಲ್ ತಗೊಂಡ್ ಬಾ’ ಅಂದ ಪೇಂಟರಣ್ಣ.

ಟ್ಯಾಂಕು ಹೊತ್ತು ಬೈಕಿನಲ್ಲಿ ಬರಲಾಗುವುದಿಲ್ಲ ಎಂದು ಬಸ್ಸು ಹತ್ತಿದೆ. ಚೀಲದಲ್ಲಿ ಮೂರೇ ಸಾಮಾನು: ಟಾರ್ಚು, ಕೆಟ್ಟ ಸ್ಪೀಕರಿನಿಂದ ಕಿತ್ತ ಮ್ಯಾಗ್ನೆಟ್ಟು, ಅಪ್ಪನ ಪ್ಯಾನೆಲ್ ಇಟ್ಟು ಸುತ್ತ ಪೆನ್ನು ಎಳೆದ ಹಳೇ ಪೇಪರು. ಪ್ಯಾನೆಲ್ಲನ್ನು ಗಾಡಿಗೆ ಸಿಕ್ಕಿಸುವ ಲಗ್ಗುಗಳ ಜಾಗಕ್ಕೆ ಕೆಂಪು ಗುರುತು ಹಾಕಿಕೊಂಡಿದ್ದೆ. ಅಣೆಕಟ್ಟೆಯಿಂದ ಹೆಚ್ಚು ನೀರು ಬಿಟ್ಟರೆ ಕಂಪ್ಲಿ ಸೇತುವೆ ಮುಳುಗಿ ಈ ದಾರಿಯೇ ಬಂದ್ ಆಗುತ್ತದೆ. ನಾನು ಹೋದದ್ದು ಮಾರ್ಚಿನಲ್ಲಿ, ತುಂಗಭದ್ರೆಯ ಬಂಡೆಗಳೆಲ್ಲ ಮೈ ಬಿಟ್ಟುಕೊಂಡು ಬಿಸಿಲು ಕಾಯಿಸುತ್ತಿದ್ದವು. ಕುರುಗೋಡು ದಾಟಿದ್ದು ಗೊತ್ತಾಗಲಿಲ್ಲ, ನಿದ್ದೆ.

ಬಳ್ಳಾರಿಯಲ್ಲಿ ಇಳಿದು ಮೊದಲು ವಗ್ಗಾಣಿ, ಮಿರ್ಚಿ. ಹೊಟ್ಟೆ ಹಸಿದಾಗ ಚೌಕಾಸಿ ಮಾಡಬಾರದು, ಸೋಲುತ್ತೇವೆ. ಗುಡ್ಡದ ಕೋಟೆಯನ್ನು ಆಟೊದಿಂದಲೇ ನೋಡಿ ಗುಜರಿ ಅಂಗಡಿಗಳ ಓಣಿಗೆ ಬಂದೆ.

‘ಏನ್ ಬೇಕು ತಮ್ಮಾ?’

‘ಸ್ಪ್ಲೆಂಡರ್ ಟ್ಯಾಂಕು, ಸೈಡ್ ಪ್ಯಾನೆಲ್ ಚಾಚಾ. ಒರಿಜಿನಲ್.’

‘ಹಳೇದೋ, ಪ್ಲಸ್ಸೋ?’

ಈ ಪ್ರಶ್ನೆ ಕೇಳುವವರ ಹತ್ತಿರವೇ ವ್ಯಾಪಾರ ಮಾಡಬೇಕು. ಹಿಂದಿನ ಎರಡು ಅಂಗಡಿಯವರು ‘ಎಲ್ಲಾ ಕೂಡ್ತಾವ್ರೀ’ ಅಂದಿದ್ದರು.

ಚಾಚಾ ಐದು ಟ್ಯಾಂಕು ತೆಗೆದು ಮುಂದಿಟ್ಟರು. ತೀರಾ ಮಿರಮಿರ ಮಿಂಚುತ್ತಿದ್ದದ್ದಕ್ಕೆ ಮ್ಯಾಗ್ನೆಟ್ಟು ಹಚ್ಚಿದೆ. ಮೇಲೆ ಟಪ್ಪನೆ ಹಿಡಿಯಿತು. ಮೊಣಕಾಲು ತಾಗುವ ಎಡ ಬದಿಗೆ ತಂದರೆ ಜಾರಿ ಅಂಗೈಗೇ ಬಿತ್ತು. ಒಳಗೆ ತಗ್ಗು, ಅದನ್ನು ಮುಚ್ಚಲು ಮೇಲೆ ಮೆತ್ತಿದ ದಪ್ಪ ಪುಟ್ಟಿ. ಮ್ಯಾಗ್ನೆಟ್ಟು ಹಿಡಿಯುವುದು ತಗಡನ್ನು, ಪುಟ್ಟಿಯನ್ನಲ್ಲ. ಹಾಗೆ ತುಂಬಿದ ಪುಟ್ಟಿ ಬಿಸಿಲಿಗೆ, ಅದುರುವಿಕೆಗೆ ಬಿರುಕು ಬಿಟ್ಟರೆ ಮೇಲಿನ ಬಣ್ಣವನ್ನೂ ಎಬ್ಬಿಸಿಕೊಂಡೇ ಏಳುತ್ತದೆ. ಚಾಚಾ ನಕ್ಕು ಅದನ್ನು ಹಿಂದೆ ಸರಿಸಿದರು. ಕುರೂಪಿಯೊಂದು ಉಳಿಯಿತು, ಬಣ್ಣವೆಲ್ಲ ಕೆರೆದುಹೋಗಿದ್ದು, ಆದರೆ ಸುತ್ತಲೂ ಎಲ್ಲಿ ಹಚ್ಚಿದರೂ ಮ್ಯಾಗ್ನೆಟ್ಟು ಬಿಡಲಿಲ್ಲ. ಹೇಗೂ ಕೆರೆದೇ ಬಣ್ಣ ಹೊಡೆಯುವವನಿಗೆ ಮೇಲಿನ ಅಂದ ಯಾಕೆ? ಅಡಿಯ ಬೆಸುಗೆ ಮಾತ್ರ ಬೆರಳಾಡಿಸಿ ನೋಡಿದೆ, ಎಂ-ಸೀಲ್ ಮೆತ್ತಿದ ಗುರುತಿರಲಿಲ್ಲ.

ಒಳಗೆ ತುಕ್ಕು ನೋಡೋಣವೆಂದರೆ ಮುಚ್ಚಳಕ್ಕೆ ಬೀಗ, ಕೀಲಿ ಇಲ್ಲ. ಚಾಚಾ ರಸ್ತೆಯ ಕಡೆ ಕೂಗಿದರು. ಚಹಾ ಕೊಡಲು ಬಂದ ಹುಡುಗ ತನ್ನ ಸ್ಪ್ಲೆಂಡರಿನ ಕೀಲಿ ಕೊಟ್ಟ. ತುಸು ಅಲುಗಿಸಿದ್ದೇ ತಡ, ಮುಚ್ಚಳ ಬಿಚ್ಚಿಕೊಂಡಿತು. ‘ಸವೆದ ಕೀಲಿಗೆ ಎಲ್ಲಾ ಮನೀನೂ ತನ್ನದೇ’ ಅಂದರು ಚಾಚಾ. ಟಾರ್ಚು ಬಿಟ್ಟೆ. ತೆಳುವಾದ ಕಂದು ಪೊರೆ, ಸಿಪ್ಪೆ ಏಳುವಷ್ಟಿಲ್ಲ.

ಪ್ಯಾನೆಲ್‌ಗಳನ್ನು ಪೇಪರಿನ ಮೇಲೆ ಇಟ್ಟರೆ ಗೆರೆಗೆ ಗೆರೆ ಕೂಡಿತು, ಒಂದರ ಲಗ್ಗು ಮುರಿದಿತ್ತು. ಅದನ್ನು ಬದಲಿಸಿಕೊಂಡು, ಒಟ್ಟು 2,200 ಕೇಳಿದ್ದನ್ನು 1,700ಕ್ಕೆ ಇಳಿಸಿದೆ. ಜೀನ್ಸ್ ಊರಲ್ಲವೇ, ಚಾಚಾ ಟ್ಯಾಂಕಿಗೆ ಜೀನ್ಸ್ ಕಟಿಂಗಿನ ಚೂರುಗಳನ್ನೇ ಸುತ್ತಿ ಸುತಳಿ ಬಿಗಿದುಕೊಟ್ಟರು. ಪ್ಯಾನೆಲ್‌ಗೆ ಸಿಲಿಕಾನ್ ಪಾಲಿಶ್ ಉಜ್ಜಲು ಹೋದವರನ್ನು ತಡೆದೆ. ಆ ಜಿಡ್ಡು ಉಳಿದರೆ ಬಣ್ಣ ಅಲ್ಲಲ್ಲಿ ಮೀನಿನ ಕಣ್ಣಿನಂತೆ ಗುಂಡಗೆ ಸರಿದು ನಿಲ್ಲುತ್ತದೆ.

ಬಸ್ಸಿನಲ್ಲಿ ಕಂಡಕ್ಟರ್ ಬಗ್ಗಿ ಮೂಸಿ ನೋಡಿದರು. ‘ಎಣ್ಣಿ ಐತೇನ್ರೀ?’ ಹಗ್ಗ ಬಿಚ್ಚಿ ಬೋರಲು ಹಾಕಿ ತೋರಿಸಿದ ಮೇಲೆ ಲಗೇಜ್ ಟಿಕೆಟ್ ಹರಿದರು. ಪಕ್ಕದ ಸೀಟಿನ ಅಜ್ಜಿ ಮಾತ್ರ ಕಂಪ್ಲಿವರೆಗೂ ಟ್ಯಾಂಕನ್ನೇ ನೋಡುತ್ತಿದ್ದು, ಇಳಿಯುವಾಗ ಮೆಲ್ಲಗೆ ಕೇಳಿದಳು: ‘ಗಾಡಿ ಹೊಡ್ಸಿದವ ಉಳಿದಾನೇನಪ್ಪಾ?’

ಮರುದಿನ ಟ್ಯಾಂಕು ನೋಡಿದ ಪೇಂಟರಣ್ಣ ಮೆಚ್ಚಿ, ಎರಡು ಕರಾರು ಹಾಕಿದ. ಬೆಳಿಗ್ಗೆ ಬಿಸಿಲೇರುವ ಮುಂಚೆ ಮಾತ್ರ ಹೊಡೆಯುವುದು, ನಮ್ಮ ಬಿಸಿಲಿಗೆ ಥಿನ್ನರ್ ಹಾರಿ ಬಣ್ಣ ಕಿತ್ತಳೆ ಸಿಪ್ಪೆಯಂತೆ ಒರಟಾಗುತ್ತದೆ. ಎರಡನೆಯದು, ಆರ್‌ಸಿಯಲ್ಲಿ ಕಪ್ಪು ಅಂತಿದೆ, ಆರ್‌ಟಿಒ ಕಾಗದದ ಕೆಲಸ ನನ್ನದೇ.

ಅಪ್ಪ ಟ್ಯಾಂಕಿನ ಬಗ್ಗೆ ಏನೂ ಅನ್ನಲಿಲ್ಲ. ಚಹಾ ಹುಡುಗನ ಕೀಲಿಯ ಕಥೆ ಕೇಳಿ ಮಾತ್ರ ಎದ್ದು ಬಂದು ತನ್ನ ಕೀಲಿ ತೂರಿಸಿ ತಿರುವಿದ. ಮುಚ್ಚಳ ತೆರೆಯಿತು. ಅಂಗಳದಲ್ಲಿ ನಿಂತಿದ್ದ ತನ್ನ ಗಾಡಿಯ ಕಡೆ ಒಮ್ಮೆ ನೋಡಿ, ಚಪ್ಪಲಿ ಮೆಟ್ಟಿಕೊಂಡು ಹೊಸ ಲಾಕ್ ಸೆಟ್ ತರಲು ಹೊರಟ.