ಎಫ್‌ಎ ಕಪ್ ಅಂಥಾದ್ದು ನಮ್ಮಲ್ಲಿ ಐತೇನ್ರಿ?

ಬಳ್ಳಾರಿಯಲ್ಲಿ ಸಂಜೆ ಗ್ರೌಂಡ್‌ಗೆ ಹೋದರೆ ಚೆಲ್ಸಿ, ಆರ್ಸೆನಲ್ ಟೀ ಶರ್ಟ್ ಹಾಕಿಕೊಂಡ ಹುಡುಗರು ಸಿಗುತ್ತಾರೆ. ನನಗೆ ಫುಟ್‌ಬಾಲ್ ಹುಚ್ಚು ಅಂತ ಗೊತ್ತಾದ ಕೂಡಲೇ ಒಂದೇ ಪ್ರಶ್ನೆ. "ಸರ್, ಎಫ್‌ಎ ಕಪ್ ಅಂಥಾದ್ದು ನಮ್ಮಲ್ಲಿ ಐತೇನ್ರಿ?" ಎಫ್‌ಎ ಕಪ್ ಅಂದರೆ ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್‌ಗಳ ನಾಕೌಟ್ ಕಪ್, ಸೋತ ತಂಡ ಅಲ್ಲಿಗೇ ಹೊರಗೆ. ಮೊದಮೊದಲು ಖುಷಿಯಿಂದ ಉತ್ತರ ಹೇಳುತ್ತಿದ್ದೆ. ಈಗ ಸಾಕಾಗಿದೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಇದೆ. 1977ರಲ್ಲಿ ಕೊಚ್ಚಿಯಲ್ಲಿ ಶುರುವಾಯಿತು. ಹೆಸರು ಫೆಡರೇಷನ್ ಕಪ್. ರಾಷ್ಟ್ರೀಯ ಲೀಗ್ ಬಂದಿದ್ದು 1996ರಲ್ಲಿ. ಅಲ್ಲಿಯವರೆಗೆ ದೇಶದ ಕ್ಲಬ್‌ಗಳಿಗೆ ಇದೇ ದೊಡ್ಡ ಕಪ್. ಎಷ್ಟೋ ವರ್ಷಗಳಲ್ಲಿ ಮೊದಲಿಗೆ ಗುಂಪಿನ ಪಂದ್ಯ, ಆಮೇಲೆ ನಾಕೌಟ್. 2017ರಲ್ಲಿ ಕೊನೆಯ ಫೆಡರೇಷನ್ ಕಪ್ ನಡೆಯಿತು. 2018ರಿಂದ ಅದರ ಜಾಗಕ್ಕೆ ಸೂಪರ್ ಕಪ್ ಬಂತು. ಸಂತೋಷ್ ಟ್ರೋಫಿ ಬೇರೆ, ಅದು ರಾಜ್ಯಗಳ ನಡುವಿನದು. ದಯವಿಟ್ಟು ಎರಡನ್ನೂ ಕಲಸಬೇಡಿ.

ನನಗೆ ಸಿಟ್ಟು ಬರುವುದು "ಅಂಥಾದ್ದು" ಅನ್ನುವ ಮಾತಿಗೆ. ನಮ್ಮದು ಯಾವುದರದ್ದೋ ನಕಲು ಆದರೆ ಮಾತ್ರ ಲೆಕ್ಕಕ್ಕೆ ಅನ್ನುವ ಹಾಗೆ. ಅದರ ಹಿಂದೆಯೇ ಇನ್ನೊಂದು ಬರುತ್ತದೆ, "ಯಾರು ನೋಡ್ತಾರ ಬಿಡ್ರಿ". 1997ರ ಜುಲೈ 13ರಂದು ಕೋಲ್ಕತ್ತದ ಸಾಲ್ಟ್ ಲೇಕ್‌ನಲ್ಲಿ ಇದೇ ಕಪ್‌ನ ಸೆಮಿಫೈನಲ್. ಈಸ್ಟ್ ಬೆಂಗಾಲ್ ಮತ್ತು ಮೋಹನ್ ಬಾಗಾನ್, ಎರಡೂ ಕೋಲ್ಕತ್ತದ ಕ್ಲಬ್‌ಗಳೇ. 1 ಲಕ್ಷ 30 ಸಾವಿರಕ್ಕೂ ಜಾಸ್ತಿ ಜನ. ಬೈಚುಂಗ್ ಭುಟಿಯಾ ಮೂರು ಗೋಲು ಹೊಡೆದ, ಈಸ್ಟ್ ಬೆಂಗಾಲ್ 4-1ರಿಂದ ಗೆದ್ದಿತು. ಇಷ್ಟು ಜನ ಸಾಕಲ್ವಾ?

"ಎಲ್ಲಾ ಬಂಗಾಳಿಗಳೇ ಗೆಲ್ತಾರಲ್ಲ" ಅಂತಲೂ ಅನ್ನುತ್ತಾರೆ. ಮೋಹನ್ ಬಾಗಾನ್ 14 ಸಲ ಗೆದ್ದಿದೆ, ಒಪ್ಪಿದೆ. ಆದರೆ ಮೊಟ್ಟಮೊದಲ ಕಪ್ ಯಾರದ್ದು? ಬೆಂಗಳೂರಿನ ಐಟಿಐ ತಂಡದ್ದು. ಫೈನಲ್‌ನಲ್ಲಿ ಅದೇ ಮೋಹನ್ ಬಾಗಾನನ್ನು 1-0 ಸೋಲಿಸಿದರು. ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್, ಟೆಲಿಫೋನ್ ತಯಾರಿಸುವ ಕಾರ್ಖಾನೆ. ಅದರ ನೌಕರರ ತಂಡ ದೇಶದ ಮೊದಲ ಕಪ್ ಎತ್ತಿಕೊಂಡು ಬಂತು.

ನನ್ನನ್ನು ಯಾರಾದರೂ ಇದನ್ನು ಕೇಳಬಾರದಾ? ಅಂಥ ತಂಡಗಳು ಎಲ್ಲಿ ಹೋದವು ಅಂತ? 1990 ಮತ್ತು 1991ರಲ್ಲಿ ಈ ಕಪ್ ಗೆದ್ದಿದ್ದು ಕೇರಳ ಪೊಲೀಸ್. ಪಂಜಾಬಿನ ಜೆಸಿಟಿ ಬಟ್ಟೆ ಮಿಲ್ಲಿನ ತಂಡ, ಅದೂ ಗೆದ್ದಿದೆ. ಮಹೀಂದ್ರಾ ಕಂಪನಿಯ ತಂಡ 2003 ಮತ್ತು 2005ರಲ್ಲಿ ಗೆದ್ದಿತು. ಚೆನ್ನಾಗಿ ಆಡುವ ಹುಡುಗನಿಗೆ ಆಗ ಒಂದು ನೌಕರಿ ಸಿಗುತ್ತಿತ್ತು. ಕಾಲು ಮುರಿದರೂ ತಿಂಗಳ ಸಂಬಳ ನಿಲ್ಲುತ್ತಿರಲಿಲ್ಲ. ನಮ್ಮ ಊರಿನಂಥ ಕಡೆ ಮಗನನ್ನು ಆಡಲು ಬಿಡಬೇಕೋ ಬೇಡವೋ ಅನ್ನುವುದು ಅದರ ಮೇಲೆಯೇ ನಿಂತಿತ್ತು. ಮಹೀಂದ್ರಾ 2010ರಲ್ಲಿ, ಜೆಸಿಟಿ 2011ರಲ್ಲಿ ತಂಡ ಮುಚ್ಚಿದವು. ಈಗ ವೃತ್ತಿಪರ ಕ್ಲಬ್‌ಗಳ ಕಾಲ. ಆಟ ಚೆನ್ನಾಗಿದೆ, ನಾನೇನೂ ಬೈಯುವುದಿಲ್ಲ. ಬೆಂಗಳೂರು ಎಫ್‌ಸಿ ತನ್ನ ಹುಡುಗರ ವಸತಿ ಅಕಾಡೆಮಿ ಮಾಡಿದ್ದು ನಮ್ಮದೇ ಜಿಲ್ಲೆಯ ತೋರಣಗಲ್ಲಿನ ಹತ್ತಿರ. ಅಲ್ಲಿ ಸೇರುವ ಹುಡುಗರು ಕೆಲವೇ. ಉಳಿದವರು ಏನು ಮಾಡಬೇಕು?

2017ರ ಮೇ 21 ನೆನಪಾಗುತ್ತದೆ. ನಮ್ಮ ಮನೆತನದಲ್ಲೊಂದು ನಿಶ್ಚಿತಾರ್ಥ. ಅವತ್ತೇ ಐಪಿಎಲ್ ಫೈನಲ್, ಮುಂಬೈಗೂ ಪುಣೆಗೂ. ಗಂಡಸರೆಲ್ಲ ಅದರ ಮುಂದೆ. ನಾನು ಊಟದ ಹಾಲ್‌ನ ಮೂಲೆಯಲ್ಲಿ ಫೋನ್ ಹಿಡಿದು ಕೂತಿದ್ದೆ. ಕಟಕ್‌ನಲ್ಲಿ ಬೆಂಗಳೂರು ಎಫ್‌ಸಿ, ಮೋಹನ್ ಬಾಗಾನ್ ನಡುವೆ ಆ ಕೊನೆಯ ಫೆಡರೇಷನ್ ಕಪ್ ಫೈನಲ್. ತೊಂಬತ್ತು ನಿಮಿಷ ಆದರೂ ಗೋಲಿಲ್ಲ.

ಸೋದರಮಾವ ಬಂದು ಇಣುಕಿದರು. "ಯಾವ ಮ್ಯಾಚೋ ಇದು? ನಮ್ಮೋರು ಯಾರದಾರ ಇದರಾಗ?"

"ಬೆಂಗಳೂರಿನೋರು, ಮಾವ. ಈ ಕಪ್ ಮೊದಲು ಗೆದ್ದಿದ್ದೂ ನಮ್ಮೋರೇ. ಐಟಿಐನೋರು."

"ಐಟಿಐ ಅಂದ್ರ, ಟೆಲಿಫೋನಿನೋರೇನು?" ಅವರ ಮುಖ ಅರಳಿತು. "ನಮ್ಮನಿ ಕರೀ ಫೋನು ಅವರದ್ದೇ ಅಲ್ಲೇನೋ! ಡಯಲ್ ತಿರುಗಿಸಿ ತಿರುಗಿಸಿ ಬೆರಳು ನೋಯ್ತಿತ್ತು. ಅವರು ಫುಟ್‌ಬಾಲೂ ಆಡ್ತಿದ್ರಾ?"

ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತರು. ಹೆಚ್ಚುವರಿ ಸಮಯದಲ್ಲಿ ಬೆಂಗಳೂರಿನ ವಿನೀತ್ ಮೊದಲ ಗೋಲು ಹೊಡೆದಾಗ ನನ್ನ ತೊಡೆಗೆ ಜೋರಾಗಿ ಬಡಿದರು. ಕೊನೆಗೆ ಅವನೇ ಎರಡನೆಯದನ್ನೂ ಹೊಡೆದ. 2-0. ಆಚೆಯಿಂದ ಯಾರೋ ಕ್ರಿಕೆಟ್ ಸ್ಕೋರ್ ಕೂಗಿ ಹೇಳಿದರು. ಮಾವ ತಿರುಗಿ ನೋಡಲಿಲ್ಲ. "ಆ ಗೋಲು ಇನ್ನೊಮ್ಮೆ ತೋರ್ಸು" ಅಂದರು.